ಬಾಗಿಲಿನ ಮೇಲರ್ಧ

"ಈ ಮನೆಯವರೆಲ್ಲ ಊರು ಬಿಟ್ಟು ಹೋದರಾ?" ಎಂದು ಐರಿಶ್ ಎಂಜಿನಿಯರ್ ಬ್ರೆಂಡನ್ ಕೇಳಿದಾಗ ಜಸೀಲಳ ಕೈಯಲ್ಲಿದ್ದ ಬ್ರಷ್ ಅಲ್ಲೇ ನಿಂತಿತು. ಐರ್ಲೆಂಡಿನ ಹಳೆಯ ಕಟ್ಟಡಗಳ ಪ್ರದರ್ಶನಕ್ಕೆಂದು ದುಬೈಯ ಮಾಡೆಲ್ ವರ್ಕ್‌ಶಾಪಿನಲ್ಲಿ ಅವಳು ಮಾಡಿದ್ದ ಪುಟ್ಟ ಹುಲ್ಲುಮಾಡಿನ ಮನೆಯನ್ನು ಅವರು ಬಗ್ಗಿ ನೋಡುತ್ತಿದ್ದರು. ಬಾಗಿಲಿಗೆ ಬೇರೆ ಬೇರೆಯಾಗಿ ತೆರೆಯುವಂತೆ ಮೇಲೊಂದು, ಕೆಳಗೊಂದು ಹಲಗೆ. ಎರಡನ್ನೂ ಅವಳು ಗಮ್ ಹಾಕಿ ಮುಚ್ಚಿಬಿಟ್ಟಿದ್ದಳು.

"ಕೆಳಗಿನದು ಕೋಳಿ ಒಳಗೆ ಬಾರದಿರಲಿ ಅಂತ. ಮೇಲಿನದು ಹಗಲೆಲ್ಲ ತೆರೆದೇ ಇರುತ್ತಿತ್ತು. ನನ್ನ ಅಜ್ಜಿ ಅಲ್ಲಿ ಮೊಣಕೈ ಊರಿ ನಿಂತರೆ ದಾರಿಹೋಕರು ಯಾರೂ ಮಾತಾಡಿಸದೆ ಹೋಗುತ್ತಿರಲಿಲ್ಲ," ಎಂದರು ಬ್ರೆಂಡನ್.

"ಸಾರಿ ಸರ್. ಬಾಗಿಲು ಮುಚ್ಚಿಯೇ ಇರುತ್ತದಲ್ಲ ಅಂದುಕೊಂಡೆ," ಎಂದಳು ಜಸೀಲ. ಬ್ಲೇಡಿನಿಂದ ಗಮ್ ಕೆರೆದು ಮೇಲಿನ ಹಲಗೆಯನ್ನು ಒಳಕ್ಕೆ ತೆರೆದಿಟ್ಟಳು.

ಸಂಜೆ ಮಿರ್ದಿಫ್‌ನ ತನ್ನ ಫ್ಲ್ಯಾಟಿನ ಬಾಗಿಲು ತೆರೆದು, ಹೊಸ್ತಿಲಿಗೆ ಕುರ್ಚಿ ಅಡ್ಡ ಇಟ್ಟು, ಅದರ ಬೆನ್ನಿನ ಮೇಲೆ ಮೊಣಕೈ ಊರಿ ನಿಂತಳು. ಎದುರಿನ ಬಾಗಿಲು ಮುಚ್ಚಿತ್ತು. ಎರಡು ವರ್ಷವಾದರೂ ಅಲ್ಲಿಯವರ ಮುಖ ಅವಳು ಕಂಡಿಲ್ಲ. ಅವರ ಒಗ್ಗರಣೆಯ ಪರಿಮಳ ಮಾತ್ರ ಗೊತ್ತು. ಲಿಫ್ಟ್ ಒಮ್ಮೆ ಬಂದು ನಿಂತಿತು, ಯಾರೂ ಇಳಿಯಲಿಲ್ಲ. ಅಷ್ಟರಲ್ಲಿ ದೂರದ ಮದೀನತ್ ಜಾಯೆದ್‌ನಲ್ಲಿ ಕೆಲಸಕ್ಕಿರುವ ಗಂಡ ಇಮ್ತಿಯಾಜ್ ಫೋನ್ ಮಾಡಿ, ದಿನವೂ ಕೇಳುವುದನ್ನೇ ಕೇಳಿದ: "ಬಾಗಿಲು ಹಾಕಿದ್ದೀಯಲ್ಲ?"

ಜಸೀಲ ಕುರ್ಚಿಯ ಮೇಲಿಂದ ಇನ್ನಷ್ಟು ಬಗ್ಗಿ ಖಾಲಿ ಕಾರಿಡಾರಿನ ಕೊನೆಯವರೆಗೂ ನೋಡಿದಳು.

"ಹಾಕಿದ್ದೇನೆ," ಎಂದಳು. "ಅರ್ಧ."