ದೇವರ ಕೋಣೆಯ ಸ್ಪಂಜಿನ ಗೋಡೆ

ನಮ್ಮ ಕೇರಿಯಲ್ಲಿ ಮನೆ ಕಟ್ಟುವುದಿಲ್ಲ. ಕಡಲ ಸ್ಪಂಜನ್ನು ನೆಟ್ಟು ಬೆಳೆಸುತ್ತೇವೆ. ಹಬ್ಬ ಬಂತೆಂದು ವಾರಿಜಕ್ಕ ಹಿತ್ತಾಳೆ ದೀಪಗಳ ಜೊತೆಗೆ ದೇವರ ಕೋಣೆಯ ಗೋಡೆಯನ್ನೂ ಹುಣಸೆಹುಳಿಯಲ್ಲಿ ತಿಕ್ಕಿದರು. ತೀರಿಹೋದ ಗಂಡ ನೆಟ್ಟ ಗೋಡೆ ಬುಸುಬುಸು ನೊರೆಯೆದ್ದಿತು.

ಗೋಡೆ ಪರೀಕ್ಷಿಸುವ ನಫೀಸಾ ಓಡಿಬಂದಳು. "ನೊರೆ ಬಂದದ್ದು ಸುಣ್ಣಕ್ಕೆ, ವಾರಿಜಕ್ಕ. ಹುಳಿ ಸುಣ್ಣವನ್ನು ತಿನ್ನುತ್ತದೆ; ಒಳಗೂ ಸುಣ್ಣವೇ ಇದ್ದರೆ ಗೋಡೆ ಕೆಡವಲೇಬೇಕು."

ವಾರಿಜಕ್ಕ ದೇವರಿಗೆ ಕೈಮುಗಿದು ನಿಂತರು.

ನಫೀಸಾ ಒಳಗಿನ ಚೂರೊಂದನ್ನು ಹುಳಿಯಲ್ಲಿ ಅದ್ದಿದಳು. ನೊರೆ ಬರಲಿಲ್ಲ. ಬೆಂಕಿಗೆ ಹಿಡಿದಾಗ ಕೂದಲು ಸುಟ್ಟ ವಾಸನೆ ಬಂತು.

"ಸುಣ್ಣ ಹೊರಪದರ ಮಾತ್ರ. ಒಳಗೆಲ್ಲ ಸ್ಪಂಜಿನ ಗಾಜಿನಂಥ ಮುಳ್ಳು, ಕೂದಲಿನಂಥ ನಾರು! ಹುಳಿ ಏನೂ ಮಾಡದು. ಇಷ್ಟು ಮುಂದಾಲೋಚನೆ ಯಾರದು?"

"ನಮ್ಮವರದು. 'ನಿನ್ನ ಕೈಗೆ ಹುಳಿ ಸಿಕ್ಕರೆ ದೇವರೂ ಸವೆದಾನು' ಅಂತ ಬೈಯುತ್ತಿದ್ದರು," ಎಂದು ವಾರಿಜಕ್ಕ ಕಣ್ಣೊರೆಸಿಕೊಂಡು ನಕ್ಕರು.