ಸೋರೆಬುರುಡೆಯ ನೀರು

ಸಜ್ಜೆಹಿಟ್ಟು ಕದಡಿದ ನೀರಿನ ಸೋರೆಬುರುಡೆಯನ್ನು ತಿಪೊಕೊ, ಬಾಗಿಲಿಗೆ ಬಂದ ಅಪರಿಚಿತನಿಗೆ ಕೊಡದೆ, ಎದೆಗೊತ್ತಿ ಹಿಡಿದು ನಿಂತಳು. ಕೊಟ್ಟರೆ ಅವನು ಮನೆಯ ಅತಿಥಿ, ಆಮೇಲೆ ಹೊರಗೆ ಕಳಿಸುವಂತಿಲ್ಲ. ಹೋದ ತಿಂಗಳು ಪಕ್ಕದ ಹಳ್ಳಿಯಲ್ಲಿ ಹೀಗೆ ನಂಬಿ ಒಳಗೆ ಬಿಟ್ಟವನೇ ಬಂದೂಕಿನವರಿಗೆ ದಾರಿ ತೋರಿಸಿದ್ದ. ಒಳಗೆ ಅವಳ ಮೂವರು ಮಕ್ಕಳು ಉಣ್ಣುತ್ತಿದ್ದರು.

“ನಾನು ತುಗಾನ್ ಕಡೆಯ ಸಾಮೋ ಕಣಮ್ಮ. ನಮ್ಮೂರು ಸುಟ್ಟುಹೋಯ್ತು,” ಎಂದ ಅವನು.

ಬುರ್ಕಿನಾ ದೇಶದಲ್ಲಿ ಅವಳ ಮೋಸ್ಸಿ ಜನಕ್ಕೂ ಸಾಮೋ ಜನಕ್ಕೂ ಅಜ್ಜಂದಿರ ಕಾಲದಿಂದ ಹಾಸ್ಯದ ನಂಟು. ಎದುರಾದರೆ ಹಂಗಿಸಲೇಬೇಕು, ಹಂಗಿಸಿಕೊಂಡವರು ತಿರುಗಿ ಹಂಗಿಸಲೇಬೇಕು, ಯಾರೂ ಮುನಿಯುವಂತಿಲ್ಲ.

“ಸಾಮೋನಾ? ನಮ್ಮನೇಲಿ ಇವತ್ತು ನಾಯಿತಲೆ ಬೇಯಿಸಿಲ್ಲಪ್ಪ. ಏನು ತಿಂತೀಯ?” ಎಂದು ತಿಪೊಕೊ ಸಾಮೋಗಳ ಮೇಲಿನ ಹಳೆಯ ಹಾಸ್ಯವನ್ನೇ ಎಸೆದಳು.

ಅವನು ತಲೆ ತಗ್ಗಿಸಿ ಸುಮ್ಮನಿದ್ದ. ನಿಜವಾದ ಸಾಮೋ ಮೋಸ್ಸಿ ಹೆಂಗಸಿನ ಮುಂದೆ ಬಾಯಿ ಮುಚ್ಚಿಕೊಂಡಿರುತ್ತಾನೆಯೇ? ಅವಳ ಕೈ ಮೆಲ್ಲಗೆ ಬಾಗಿಲಿನತ್ತ ಹೋಯಿತು.

ಅವನು ಕಣ್ಣೊರೆಸಿಕೊಂಡ. “ಊರು ಬಿಟ್ಟಮೇಲೆ ಎಲ್ಲರೂ ಗುರುತಿನ ಚೀಟಿ ಕೇಳಿದ್ರು. ಹಂಗಿಸಿದೋಳು ನೀನೊಬ್ಬಳೇ,” ಎಂದ. ಆಮೇಲೆ ಅಂಗಳದಲ್ಲಿ ಕಟ್ಟಿದ್ದ ಕತ್ತೆಯತ್ತ ಬೆರಳು ತೋರಿಸಿದ. “ಮೊದಲು ನಿಮ್ಮಜ್ಜನಿಗೆ ಕುಡಿಸೇ. ನಿನ್ನ ಒಡೆಯ ನಾನು, ಆಮೇಲೆ ಕುಡೀತೀನಿ.”

ತಿಪೊಕೊ ಎರಡೂ ಕೈಯಲ್ಲಿ ಬುರುಡೆ ಚಾಚಿದಳು.

“ಚೆಲ್ಲಬೇಡ, ನಾಯಿ ತಿನ್ನೋನೇ.”