ಬೊಂಬಿನ ವೇದಿಕೆ

ಹೋದ ತಿಂಗಳು ಪಕ್ಷದ ಅಧ್ಯಕ್ಷರ ಭಾಷಣ ಮುಗಿದ ಸಂಜೆಯೇ, ಉತ್ತರದಿಂದ ಕೂಲಿಗೆ ಬಂದ ಬನ್ವಾರಿಯ ತಮ್ಮನ ಪಾನಿಪುರಿ ಗಾಡಿಗೆ ಬೆಂಕಿ ಬಿತ್ತು. ಆದರೂ ಇವತ್ತಿನ ಸಭೆಗೆ ಬೊಂಬು ನೆಟ್ಟು, ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ ವೇದಿಕೆ ಕಟ್ಟಿದವನು ಬನ್ವಾರಿಯೇ.

"ನಿನಗೆ ಮೈಯಲ್ಲಿ ರಕ್ತ ಇಲ್ವೇನೋ?" ವೇದಿಕೆಯಡಿಯ ನೆರಳಲ್ಲಿ ಪಕ್ಕ ಕೂತಿದ್ದ ಮೈಕ್‌ಸೆಟ್ಟಿನ ಚಿಕ್ಕೀರಣ್ಣ ಕೇಳಿದ.

"ದೊಡ್ಡವರು ಅಣ್ಣ. ಅವರು ಹೇಳಿದಂಗೆ ಮಾಡ್ತೀನಿ."

ತಲೆಯ ಮೇಲೆ ಹಲಗೆ ಅದುರಿತು. ಅಧ್ಯಕ್ಷರು ಗುಡುಗುತ್ತಿದ್ದರು: "ನಮ್ಮ ಪಕ್ಷದ ನೀತಿ ಒಂದೇ. ಹೊರಗಿನವರು ಈ ಕ್ಷಣವೇ ಗಂಟುಮೂಟೆ ಕಟ್ಟಬೇಕು. ಅವರು ಕಟ್ಟಿದ್ದು ಯಾವುದೂ ಈ ನೆಲದ ಮೇಲೆ ನಿಲ್ಲಬಾರದು."

"ಕೇಳಿಸ್ತಾ ಅಣ್ಣ?"

"ಕೇಳಿಸ್ತಪ್ಪ."

"ಹಂಗಾದ್ರೆ ನೀನು ಆಚೆ ಹೋಗಿ ನಿಂತ್ಕೋ," ಎಂದ ಬನ್ವಾರಿ, ನಡುಗಂಬದ ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಳ್ಳುತ್ತ.